ಗಾರ್ಡ್ ಇಲ್ಲದ ಗ್ರೈಂಡರ್

ಮೊನ್ನೆ ಶನಿವಾರ ಬೆಳಿಗ್ಗೆ ಎದುರು ಫ್ಲಾಟಿನವರು ಬೆಲ್ ಮಾಡಿದರು. ಹೊಸದಾಗಿ ಬಂದವರು, ಕೊಚ್ಚಿ ಕಡೆಯವರು. ಬಾಗಿಲು ತೆರೆದದ್ದು ನನ್ನ ಹೆಂಡತಿ ವಿನುತಾ.

"ಗ್ರೈಂಡರ್ ಇದೆಯಾ? ಅರ್ಧ ಗಂಟೆಯಲ್ಲಿ ವಾಪಸ್ ಕೊಡುತ್ತೇನೆ" ಅಂತ ಹಿಂದಿಯಲ್ಲಿ ಕೇಳಿದರು.

ವಿನುತಾಳಿಗೆ ಗ್ರೈಂಡರ್ ಅಂದರೆ ಒಂದೇ, ಇಡ್ಲಿಗೆ ಅರೆಯುವುದು. "ಇದೆ, ಆದರೆ ಈಗಷ್ಟೇ ಉದ್ದು ಹಾಕಿದೆ" ಅಂದಳು. ಆ ಮನುಷ್ಯ ನಕ್ಕು, ಎರಡೂ ಕೈಯಲ್ಲಿ ಏನನ್ನೋ ಹಿಡಿದಂತೆ ಮಾಡಿ, ಬಾಯಲ್ಲಿ 'ಝುಂಯ್' ಅಂತ ಸದ್ದು ಹೊರಡಿಸಿದರು. ಅರೆಯುವುದಲ್ಲ, ಕಬ್ಬಿಣ ಕೊಯ್ಯುವುದು.

ವಿನುತಾಳ ಮುಖದ ನಗು ಅಲ್ಲೇ ಇಳಿದುಹೋಯಿತು. ತಿರುಗಿ ನನ್ನನ್ನು ನೋಡಿದಳು.

"ಇಲ್ಲ" ಅಂದೆ, ಸೋಫಾದಿಂದ ಏಳದೆ. "ನಮ್ಮಲ್ಲಿ ಅದು ಇಲ್ಲ."

ಸುಳ್ಳು. ಇದೆ. ಸ್ಟೋರ್ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದೇನೆ. ಮೂರು ವರ್ಷದಿಂದ ಓಡಿಸಿಲ್ಲ. ಎಸೆದೂ ಇಲ್ಲ. ಯಾಕೆ ಎಸೆದಿಲ್ಲ ಅಂತ ಕೇಳಬೇಡಿ, ನನಗೇ ಗೊತ್ತಿಲ್ಲ.

ಇಷ್ಟು ವರ್ಷ ಈ ಅಂಕಣದಲ್ಲಿ ನಿಮಗೆ ಏನೆಲ್ಲ ಹೇಳಿಕೊಂಡಿದ್ದೇನೆ! ಈ ಗಲ್ಫ್ ಊರಿನ ನಮ್ಮ ಬಡಾವಣೆ ಅಲ್ ಕುಸೈಸಿನ ಪಾರ್ಕಿಂಗ್ ಜಗಳ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು, ಮೆಟ್ರೋದಲ್ಲಿ ಚ್ಯೂಯಿಂಗ್ ಗಮ್ ಅಗಿದು ಸಿಕ್ಕಿಬಿದ್ದದ್ದು (ಅದಕ್ಕೆ ಬಂದಷ್ಟು ಪತ್ರ ಇನ್ಯಾವುದಕ್ಕೂ ಬರಲಿಲ್ಲ). ಇದೊಂದನ್ನು ಮಾತ್ರ ಹೇಳಿರಲಿಲ್ಲ.

ಮಹಾಂತೇಶ ನನ್ನ ಹಳೇ ರೂಮ್‌ಮೇಟ್. ಬಾಗಲಕೋಟೆ ಕಡೆಯವನು. ಇಬ್ಬರಿಗೂ ಮದುವೆಯಾಗುವ ಮೊದಲು ಇದೇ ಕುಸೈಸಿನಲ್ಲಿ ಒಂದು ರೂಮಿನಲ್ಲಿ ನಾಲ್ಕು ಜನ ಇದ್ದೆವು. ನಾನು ಕುಂದಾಪುರದ ಕುಚ್ಚಲಕ್ಕಿ, ಅವನು ಜೋಳದ ರೊಟ್ಟಿ. ಅವನ ಭಾಷೆ ನನಗೆ ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ನನ್ನದು ಅವನಿಗೆ ಇವತ್ತಿಗೂ ಪೂರ್ತಿ ಅರ್ಥವಾಗುವುದಿಲ್ಲವಂತೆ.

ಆಮೇಲೆ ಅವನಿಗೆ ಇದೇ ದೇಶದ ಇನ್ನೊಂದು ತುದಿಯ ರುವೈಸಿನ ಒಂದು ತೈಲ ಪ್ಲಾಂಟಿನಲ್ಲಿ ಮೆಂಟೆನೆನ್ಸ್ ಕೆಲಸ ಸಿಕ್ಕಿತು. ಕಂಪನಿ ಮನೆ. ಹೆಂಡತಿ ಸುನಂದಾ, ಮಗಳು ಸಹನಾ ಅಲ್ಲೇ. ಮೆಲ್ಲನೆ ಸೂಪರ್‌ವೈಸರ್ ಆದ. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷ ತನ್ನ ತಂಡವನ್ನು ನಿಲ್ಲಿಸಿಕೊಂಡು ಸುರಕ್ಷತೆಯ ಪಾಠ ಹೇಳುವುದು ಅವನ ಕೆಲಸ. ಹದಿನಾಲ್ಕು ವರ್ಷ ಹೇಳಿದ್ದಾನೆ. ಅವನ ತಂಡದಲ್ಲಿ ಒಬ್ಬನಿಗೂ ಬೆರಳ ತುದಿ ಕೂಡ ಹೋಗಿರಲಿಲ್ಲ. ಅದನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ, ಸುನಂದಾ ಹೇಳುತ್ತಿದ್ದಳು.

ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮೂವರೂ ನಮ್ಮ ಮನೆಗೆ ಬರುತ್ತಿದ್ದರು. ಮೂರೂವರೆ ಗಂಟೆಯ ದಾರಿ. ಬರುವಾಗ ಸುನಂದಾಳ ಕೈಯಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ. ಹೋಗುವಾಗ ಅದೇ ಡಬ್ಬಿಯಲ್ಲಿ ವಿನುತಾಳ ಮಾವಿನಮಿಡಿ ಉಪ್ಪಿನಕಾಯಿ.

ಮೂರು ವರ್ಷದ ಹಿಂದೆಯೂ ಹಾಗೇ ಬಂದಿದ್ದರು. ಶನಿವಾರ ಬೆಳಿಗ್ಗೆ ಹತ್ತೂವರೆ. ಹೆಂಗಸರು ಅಡುಗೆಮನೆಯಲ್ಲಿ. ಮಕ್ಕಳು ಟೀವಿ ಮುಂದೆ. ನಾನು ಬಾಲ್ಕನಿಯಲ್ಲಿ.

ಕೆಳಗಿನ ಫ್ಲಾಟಿನವರು ಖಾಲಿ ಮಾಡುವಾಗ ಒಂದು ಕಬ್ಬಿಣದ ರ‍್ಯಾಕ್ ಕೊಟ್ಟುಹೋಗಿದ್ದರು. ಬಾಲ್ಕನಿಯ ಎಸಿ ಡಬ್ಬದ ಕೆಳಗೆ ಇಡೋಣವೆಂದರೆ ನಾಲ್ಕು ಇಂಚು ಎತ್ತರ ಜಾಸ್ತಿ. ನಾಲ್ಕು ಕಾಲು ಕತ್ತರಿಸಿದರೆ ಮುಗಿಯಿತು. ನನ್ನ ಹತ್ತಿರ ಗ್ರೈಂಡರ್ ಬೇರೆ ಇದೆ! ಆನ್‌ಲೈನ್ ಸೇಲಿನಲ್ಲಿ ತೆಗೆದುಕೊಂಡದ್ದು. ಲಾಜಿಸ್ಟಿಕ್ಸ್ ಆಫೀಸಿನಲ್ಲಿ ಎಕ್ಸೆಲ್ ತುಂಬುವವನಿಗೆ ಗ್ರೈಂಡರ್ ಯಾಕೆ? ಗಂಡಸರಿಗೆ ಒಂದು ವಯಸ್ಸಿನಲ್ಲಿ ಹಾಗಾಗುತ್ತದೆ, ಬಿಡಿ.

ಅದಕ್ಕೆ ಒಂದು ಗಾರ್ಡ್ ಬಂದಿತ್ತು. ತಿರುಗುವ ಡಿಸ್ಕಿನ ಅರ್ಧ ಭಾಗವನ್ನು ಮುಚ್ಚುವ, ಅರ್ಧಚಂದ್ರದ ಆಕಾರದ ತಗಡು. ಮೊದಲ ಸಲ ಬಾತ್‌ರೂಮಿನ ಟೈಲ್ ಕತ್ತರಿಸುವಾಗ ಅದು ಗೋಡೆಗೆ ತಾಗುತ್ತದೆ ಅಂತ ನಾನೇ ಬಿಚ್ಚಿದ್ದೆ. ಎಲ್ಲೋ ಇಟ್ಟೆ. ಆಮೇಲೆ ಮನೆ ಕ್ಲೀನ್ ಮಾಡುವಾಗ ಕಸದ ಜೊತೆ ಹೋಯಿತು. ಹುಡುಕಲಿಲ್ಲ. ಅದಿಲ್ಲದೆಯೂ ಯಂತ್ರ ತಿರುಗುತ್ತಿತ್ತಲ್ಲ?

ನಾನು ಪ್ಲಗ್ ಹಾಕುವಷ್ಟರಲ್ಲಿ ಮಹಾಂತೇಶ ಚಹಾ ಲೋಟ ಹಿಡಿದು ಬಂದ. ಒಂದೇ ನೋಟಕ್ಕೆ ಕಂಡಿತು ಅವನಿಗೆ.

"ಗಾರ್ಡ್ ಎಲ್ಲೈತ್ರಿ ಅಣ್ಣಾರ?"

"ಅದು ಹೋಯ್ತು ಮಾರಾಯ. ನಾಲ್ಕು ಕಾಲು, ನಾಲ್ಕು ನಿಮಿಷ."

"ಬ್ಯಾಡ್ರಿ. ಹಿಂಗ ಓಡಿಸೂದು ಬ್ಯಾಡ. ಯಾರನ್ನಾರ ಕರಸ್ರಿ, ಕೊಯ್ದು ಕೊಟ್ಟು ಹೋಗ್ತಾರ."

ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಹಂಗಿಸಿದೆ. "ಸೇಫ್ಟಿ ಸಾಹೇಬ್ರೇ, ಇದು ರುವೈಸ್ ಅಲ್ಲ. ಇಲ್ಲಿ ನಿಮ್ಮ ಪರ್ಮಿಟ್ ಬೇಡ. ಯಲ್ಲಾ, ನಡೀರಿ, ಆಚೆ ನಿಲ್ಲಿ" ಅಂದೆ. ಸ್ವಿಚ್ ಒತ್ತಿದೆ. ಪಕ್ಕದ ಹ್ಯಾಂಡಲ್ ಹಾಕಿರಲಿಲ್ಲ. ಒಂದು ಕೈಯಲ್ಲಿ ಯಂತ್ರ, ಇನ್ನೊಂದು ಕೈಯಲ್ಲಿ ರ‍್ಯಾಕಿನ ಕಾಲು. ಕಿಡಿ ಹಾರಿತು. ಯಂತ್ರ ಒಮ್ಮೆ ಹಿಂದಕ್ಕೆ ಜಿಗಿಯಿತು. ನನ್ನ ಹಿಡಿತ ತಪ್ಪಿದ್ದನ್ನು ಅವನು ನೋಡಿದ.

ಲೋಟ ಕೆಳಗಿಟ್ಟ. ಮೊದಲು ಪ್ಲಗ್ ಕಿತ್ತ.

"ಕೊಡ್ರಿ ಇಲ್ಲೆ. ನೀವು ಹಿಡಿಯೂದು ನೋಡಿದ್ರ ನನಗ ಅಂಜಿಕಿ ಬರ್ತೈತಿ."

ಅವನು ಗ್ರೈಂಡರ್ ಕೈಗೆ ತೆಗೆದುಕೊಂಡದ್ದು ಇದಕ್ಕೆ. ಕೆಲಸ ಮಾಡುವ ಉಮೇದಿಗಲ್ಲ, ನನಗೆ ಏನಾದರೂ ಆದೀತು ಅಂತ. ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಹ್ಯಾಂಡಲ್ ಹುಡುಕಿಸಿ ಹಾಕಿದ. ಕಾಲಿಗೆ ಶೂ ಹಾಕಿಕೊಂಡು ಬಂದ. ಕನ್ನಡಕ ಕೇಳಿದ, ಕೊಯ್ಯುವಾಗ ಹಾಕುವಂಥದ್ದು. ನನ್ನಲ್ಲಿ ಎಲ್ಲಿಂದ ಬರಬೇಕು? ಕಾರಿನಲ್ಲಿ ಹಾಕುವ ಕೂಲಿಂಗ್ ಗ್ಲಾಸ್ ಕೊಟ್ಟೆ. ಅದನ್ನು ತಿರುಗಿಸಿ ನೋಡಿ ಹಾಕಿಕೊಂಡ. ಡಿಸ್ಕಿನ ಬಗ್ಗೆ ಕೇಳಿದ. "ಹೊಸತೇ" ಅಂದೆ. ಅದಕ್ಕೆ ಮೊದಲು ಬಳಸಿರಲಿಲ್ಲ, ನಿಜ. ಆದರೆ ತಂದು ನಾಲ್ಕು ವರ್ಷವಾಗಿತ್ತು. ಬಾಲ್ಕನಿಯ ಕಪಾಟಿನಲ್ಲಿ, ನಾಲ್ಕು ಬೇಸಿಗೆಯ ಬಿಸಿಲು ಮತ್ತು ಸೆಕೆಯಲ್ಲಿ ಬಿದ್ದಿತ್ತು.

ಒಂದು ಕಾಲು ಕೊಯ್ದ. ಎರಡನೆಯದು ಕೊಯ್ದ. ಮೂರನೆಯದರ ಅರ್ಧದಲ್ಲಿ ಒಂದು ಸದ್ದು. ದೊಡ್ಡದೇನಲ್ಲ, ಟ್ಯೂಬ್‌ಲೈಟ್ ಒಡೆದ ಹಾಗೆ.

ಅವನು ಕೂಗಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತ. ಎಡಗೈಯಿಂದ ಮುಖ ಮುಚ್ಚಿಕೊಂಡಿದ್ದ. ಆಗಲೂ ಬಲಗೈ ಯಂತ್ರದ ಸ್ವಿಚ್ ಆಫ್ ಮಾಡಿ, ಅದು ಪೂರ್ತಿ ನಿಲ್ಲುವವರೆಗೆ ಹಿಡಿದು, ಆಮೇಲೆ ನೆಲಕ್ಕಿಟ್ಟಿತು.

"ಸುನಂದಾನ್ನ ಹೊರಗ ಬಿಡಬ್ಯಾಡ್ರಿ" ಅಂದ.

ಆದರೆ ಅವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು. ಕೈಗೆಲ್ಲ ಹಿಟ್ಟು.

ಆಂಬುಲೆನ್ಸ್ ಬೇಗ ಬಂತು. ಡಾಕ್ಟರುಗಳು ತಮ್ಮ ಕೈಲಾದ್ದೆಲ್ಲ ಮಾಡಿದರು. ಒಡೆದ ಡಿಸ್ಕಿನ ಚೂರು ಹೊಕ್ಕ ಎಡಗಣ್ಣು ಉಳಿಯಲಿಲ್ಲ.

ಈಗ ನಾನು ಬರೆಯಲು ಹೆದರಿದ ಭಾಗ.

ಇಂಥ ಗಾಯವಾದರೆ ಪೊಲೀಸರು ಬಂದು ವಿಚಾರಿಸುತ್ತಾರೆ. ಮರುದಿನ ಇಬ್ಬರು ಆಸ್ಪತ್ರೆಗೆ ಬಂದರು. ತಾಳ್ಮೆಯಿಂದ ಮಾತಾಡಿದರು. ಯಂತ್ರ ಯಾರದ್ದು, ಗಾರ್ಡ್ ತೆಗೆದವರು ಯಾರು? ನಾನು ಮಂಚದ ಬಳಿ ನಿಂತಿದ್ದೆ. ಬಾಯಿ ತೆರೆದೆ. ತೆರೆದೆನಾ? ತೆರೆಯುವುದರಲ್ಲಿದ್ದೆ ಅಂತ ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಷ್ಟರಲ್ಲಿ ಬ್ಯಾಂಡೇಜಿನ ಒಳಗಿಂದ ಮಹಾಂತೇಶ ಹಿಂದಿಯಲ್ಲಿ ಹೇಳಿದ: "ಗಾರ್ಡ್ ತೆಗೆದವನು ನಾನು. ತಪ್ಪು ನನ್ನದೇ."

ಅವರು ಬರೆದುಕೊಂಡರು. ಖಲಾಸ್. ಸುನಂದಾ ಪಕ್ಕದಲ್ಲೇ ಇದ್ದಳು, ಅವಳೂ ಕೇಳಿಸಿಕೊಂಡಳು. ನಾನು ಸುಮ್ಮನಿದ್ದೆ.

ಅವಳು ಔಷಧಿ ತರಲು ಹೋದಾಗ ಕೇಳಿದೆ, ಯಾಕೆ ಹಾಗೆ ಹೇಳಿದೆ ಅಂತ.

"ಕಣ್ಣು ಹೆಂಗೂ ವಾಪಸ್ ಬರೂದಿಲ್ಲ. ನಿಮ್ಮ ಹೆಸರು ಬಂದ್ರ ನಿಮಗ ತ್ರಾಸ. ಆಕಿಗೂ ಹೇಳಬ್ಯಾಡ್ರಿ. ಈ ದೇಶದಾಗ ಆಕಿಗೆ ನಿಮ್ಮ ಮನಿ ತವರು ಇದ್ದಂಗ ಐತಿ. ಅದೊಂದು ಇರ್ಲಿ."

ಇರಲಿ ಅಂತ ನಾನೂ ಬಿಟ್ಟೆ. ಎಷ್ಟು ಸುಲಭವಾಗಿತ್ತು ಬಿಡುವುದು!

ಪ್ಲಾಂಟಿನ ಕೆಲಸಕ್ಕೆ ಎರಡು ಕಣ್ಣು ಬೇಕು. ಕೆಲವು ತಿಂಗಳು ಅವನನ್ನು ಸ್ಟೋರಿನಲ್ಲಿ ಕೂರಿಸಿದರು. ಆಮೇಲೆ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಸಹನಾ ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಊರಿಗೆ ಹೋದಳು. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ಅವನ ತಂಡದವರು ರುವೈಸಿನಿಂದ ಬಂದಿದ್ದರು. ಹನ್ನೊಂದು ಜನ, ಒಂದು ವ್ಯಾನಿನಲ್ಲಿ. ಅದರಲ್ಲೊಬ್ಬ ಪಠಾಣ ಅವನ ಕೈ ಹಿಡಿದು, ಬಿಡಲಾರದೆ, ಸೆಕ್ಯುರಿಟಿ ಗೇಟಿನ ತನಕ ಹಾಗೇ ನಡೆದ.

ಕಳೆದ ವರ್ಷ ರಜೆಯಲ್ಲಿ ಬಾಗಲಕೋಟೆಗೆ ಹೋಗಿದ್ದೆ. ಮಹಾಂತೇಶ ಈಗ ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಾನೆ. ಮನೆಯಲ್ಲಿ ನನಗೆ ತಾನೇ ಚಹಾ ಬಗ್ಗಿಸಲು ಹೋದ. ಒಂದು ಕಣ್ಣಾದರೆ ದೂರ-ಹತ್ತಿರ ಸರಿಯಾಗಿ ತಿಳಿಯುವುದಿಲ್ಲವಂತೆ. ಚಹಾ ಕಪ್ಪಿನ ಹೊರಗೆ, ಟೀಪಾಯಿಯ ಮೇಲೆ ಬಿತ್ತು. ಸುನಂದಾ ಬಟ್ಟೆ ತಂದು ಒರೆಸಿದಳು.

"ಊರ ಮಂದಿಗೆಲ್ಲ ಪಾಠ ಹೇಳಿ, ತಾವ ಗಾರ್ಡ್ ಬಿಚ್ಚಿದ್ರ ಹಿಂಗ ಆಗೂದು" ಅಂದಳು. ಎಷ್ಟೋ ಸಲ ಅಂದು ಸವೆದ ಮಾತಿನ ಹಾಗಿತ್ತು ಅದು.

ಮಹಾಂತೇಶ ನನ್ನ ಕಡೆ ನೋಡದೆ, "ಮತ್ತೊಂದು ಕಪ್ ಹಾಕು" ಅಂದ. ನಾನು ಚಹಾ ಕುಡಿದೆ.

ಕುಡಿದೆ, ಸ್ವಾಮಿ! ಬಿಸಿಬಿಸಿ ಚಹಾ, ಒಂದು ಕಪ್ ಪೂರ್ತಿ.

ಅಲ್ಲಿಂದ ಬಂದ ಮೇಲೆ ಒಂದು ದಿನ ಆ ಗ್ರೈಂಡರಿನ ಬುಕ್‌ಲೆಟ್ ಹುಡುಕಿದೆ. ಪ್ಲಾಸ್ಟಿಕ್ ಕವರೇ ಬಿಚ್ಚಿರಲಿಲ್ಲ. ಓದಿದೆ. ಎಲ್ಲ ಇತ್ತು ಅದರಲ್ಲಿ. ಗಾರ್ಡ್ ಇಲ್ಲದೆ ಓಡಿಸಬಾರದು, ಅದರ ಮುಚ್ಚಿದ ಭಾಗ ನಮ್ಮ ಕಡೆಗಿರಬೇಕು. ಡಿಸ್ಕಿನ ನಡುವಿನ ತಗಡಿನ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಡಿಸ್ಕಿನ ಆಯಸ್ಸು, ದಾಟಿದರೆ ಎಸೆಯಬೇಕು. (ಒಡೆದ ಡಿಸ್ಕಿನ ಉಂಗುರ ಇನ್ನೂ ಯಂತ್ರದಲ್ಲೇ ಇತ್ತು. ನೋಡಿದೆ. ದಾಟಿತ್ತು.) ಡಿಸ್ಕನ್ನು ಒಣಗಿದ, ತಂಪಾದ ಜಾಗದಲ್ಲಿಡಬೇಕು. ಅದರ ವೇಗದ ಅಂಕಿ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಹೊಸದು ಹಾಕಿದ ಮೇಲೆ, ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ ನೋಡಬೇಕು. ಡಿಸ್ಕ್ ಬದಲಿಸುವ ಮೊದಲು ಪ್ಲಗ್ ಕೀಳಬೇಕು. ಕೊಯ್ಯುವ ವಸ್ತುವನ್ನು ಕೈಯಲ್ಲಲ್ಲ, ಕ್ಲಾಂಪಿನಲ್ಲಿ ಬಿಗಿಯಬೇಕು. ಕಣ್ಣಿಗೆ ಸುರಕ್ಷತಾ ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಶೀಲ್ಡ್.

ಓದಲು ಎಷ್ಟು ಹೊತ್ತು ಬೇಕಾಯಿತು ಗೊತ್ತಾ? ಆರು ನಿಮಿಷ.

ಈ ದೇಶದಲ್ಲಿ ನಾವೆಲ್ಲ ಬಹಳ ಶಿಸ್ತಿನವರು. ರಸ್ತೆಯಲ್ಲಿ ವೇಗ ಹಿಡಿಯುವ ರಾಡಾರ್ ಕಂಡರೆ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ. ಸೈಟಿನಲ್ಲಿ ಹೆಲ್ಮೆಟ್, ಶೂ, ಜಾಕೆಟ್, ಎಲ್ಲ ಸರಿ. ಮನೆಗೆ ಬಂದು ಬಾಲ್ಕನಿ ಬಾಗಿಲು ಎಳೆದುಕೊಂಡರೆ ಮುಗಿಯಿತು, ಲುಂಗಿ ಮತ್ತು ಬರಿಗಾಲು. ಹಾಗಾದರೆ ಇಷ್ಟು ದಿನ ನಾವು ಹೆದರಿದ್ದು ಯಾವುದಕ್ಕೆ? ಗಾಯಕ್ಕಾ, ದಂಡಕ್ಕಾ?

ಎದುರು ಫ್ಲಾಟಿನವರಿಗೆ ಸುಳ್ಳು ಹೇಳಿ ಕಳಿಸಿದೆನಲ್ಲ, ಅರ್ಧ ಗಂಟೆ ಕೂರಲಾಗಲಿಲ್ಲ. ಎದ್ದು ಹೋಗಿ ಅವರ ಬೆಲ್ ಮಾಡಿದೆ. ಯಂತ್ರ ಇದೆ, ಕೊಡುವುದಿಲ್ಲ ಅಂದೆ. ಯಾಕೆ ಅಂತಲೂ ಹೇಳಿದೆ. ಎಲ್ಲವನ್ನೂ. ಮೂರು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟದ್ದು ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯನ ಮುಂದೆ. ಅವರು ಒಳಗೆ ಕರೆದು ನೀರು ಕೊಟ್ಟರು. ಕಬ್ಬಿಣ ಕೊಯ್ಯಲು ಅಂಗಡಿಯವರನ್ನು ಕರೆಸಿದರು.

ಮನೆಗೆ ಬಂದು ವಿನುತಾಳಿಗೂ ಹೇಳಿದೆ. ಅವಳು ಗ್ಯಾಸ್ ಆರಿಸಿ ಬಂದು ಎದುರು ಕೂತಳು. ಆಮೇಲೆ ಇಷ್ಟೇ ಅಂದಳು: "ಸುನಂದಾ ಆ ದಿನ ನನ್ನ ತೋಳಿನ ಮೇಲೆ ತಲೆಯಿಟ್ಟು ಅತ್ತದ್ದು. ಈಗ ನಾನು ಎಂತ ಅಂತ ಅವಳಿಗೆ ಫೋನ್ ಮಾಡುದು?"

ಫೋನ್ ನಾನೇ ಮಾಡಿದೆ, ಮಹಾಂತೇಶನಿಗೆ. ಬರೆಯಬೇಕು ಅಂತಿದ್ದೇನೆ ಅಂದೆ. ಆಚೆ ಕಡೆ ಅಂಗಡಿಯ ಗದ್ದಲ. ಅವನು ಎದ್ದು ಹೊರಗೆ ಬಂದದ್ದು ತಿಳಿಯಿತು.

"ಬರೀರಿ" ಅಂದ. "ನಾಲ್ಕು ಮಂದಿ ಗಾರ್ಡ್ ಹಾಕ್ಕೊಂಡ್ರ ಸಾಕು. ಹೆಸರು ಬ್ಯಾರೆ ಹಾಕ್ರಿ." (ಹಾಕಿದ್ದೇನೆ.) ಆಮೇಲೆ ಹೇಳಿದ: "ಆದ್ರ ಸುನಂದಾಗ ನೀವ ಮೊದಲ ಹೇಳ್ರಿ. ಪೇಪರಿನ್ಯಾಗ ಓದಿ ತಿಳಿಯೂದು ಬ್ಯಾಡ."

ಸಂಜೆ ಮನೆಗೆ ಹೋಗಿ ಅವನೇ ಅವಳ ಕೈಗೆ ಫೋನ್ ಕೊಟ್ಟ.

ಹೇಳಿದೆ. ಟೈಲ್ ಕೊಯ್ದದ್ದು, ಗಾರ್ಡ್ ಬಿಚ್ಚಿದ್ದು, ಹಂಗಿಸಿದ್ದು, ಪೊಲೀಸರ ಮುಂದೆ ಸುಮ್ಮನಿದ್ದದ್ದು. ಅವಳು ಬೈದರೆ ಕೇಳಿಸಿಕೊಳ್ಳಲು ಸಿದ್ಧನಾಗಿದ್ದೆ. ಅತ್ತರೂ ಸರಿ. ಎರಡೂ ಆಗಲಿಲ್ಲ. ಕರೆ ಕಟ್ಟಾಯಿತೋ ಅಂತ ಎರಡು ಸಲ ಫೋನ್ ನೋಡಿಕೊಂಡೆ.

ಕೊನೆಗೆ ಅವಳ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳುವವರ ಹಾಗೆ ಕೇಳಿದಳು:

"ಮೂರು ವರ್ಷ ನಾ ಇವರಿಗೆ ಅಂದ ಮಾತು, ಅವನ್ನ ಈಗ ಹೆಂಗ ವಾಪಸ್ ತಗೊಳ್ಲಿ ಅಣ್ಣಾರ?"