ಪಟ್ಟಿಯಲ್ಲಿಲ್ಲದ ಸಮುದ್ರ

ಮೊನ್ನೆ ಬಟವಾಡಿಯ ಬಾಡಿಗೆ ಮನೆ ಖಾಲಿ ಮಾಡುವಾಗ ಬೀರುವಿನ ತಳಕ್ಕೆ ಹಾಸಿದ್ದ ಒಂದು ಕಾಗದ ಸಿಕ್ಕಿತು. ಸೈಕ್ಲೋಸ್ಟೈಲ್ ಮಾಡಿದ್ದು. ಮಸಿ ಮಾಸಿದ್ದರೂ ತಲೆಬರಹ ಓದಬಹುದಿತ್ತು: 'ಕೊಚ್ಚಿ ಬಂದರು ನಗರದಲ್ಲಿ ವೀಕ್ಷಿಸತಕ್ಕ ಐತಿಹಾಸಿಕ ಸ್ಥಳಗಳು ಮತ್ತು ವಸ್ತುಸಂಗ್ರಹಾಲಯಗಳು.' ಒಟ್ಟು ಹನ್ನೊಂದು. ಹನ್ನೊಂದರ ಪಕ್ಕದಲ್ಲೂ ಟಿಕ್ ಮಾರ್ಕು, ಅದೂ ನನ್ನದೇ ಕೈಯಿಂದ. ಕೊಚ್ಚಿಯನ್ನು ಒಂದೇ ದಿನದಲ್ಲಿ ಶಿಳ್ಳೆ ಊದುತ್ತಾ ನೋಡಿ ಮುಗಿಸಿದ ಮಹಾನುಭಾವ ನಾನು. ನಿಮ್ಮಲ್ಲಿ ಯಾರಿಗಾದರೂ ಈ ಭಾಗ್ಯ ಸಿಕ್ಕಿದೆಯೇ?

ಎಪ್ಪತ್ತರ ದಶಕದ ಕೊನೆ ಇರಬೇಕು. ಆಗ ನಮ್ಮೂರು ಗುಬ್ಬಿಯಲ್ಲಿ ಟೂರ್ ಎಂದರೆ ಒಂದು ಬೀದಿಯವರು ಸೇರಿ ಬಸ್ಸು ಗೊತ್ತು ಮಾಡಿ, ಅಕ್ಕಿ, ರಾಗಿ ಹಿಟ್ಟು, ಸೀಮೆಎಣ್ಣೆ ಸ್ಟೌವು, ಇಬ್ಬರು ಅಡುಗೆಯವರು, ಎಲ್ಲವನ್ನೂ ಹೇರಿಕೊಂಡು ಅರ್ಧ ಊರಿನ ಸಮೇತ ಹೊರಡುವುದು. ಹೊಸ ಊರು ನೋಡುವ ಆಸೆ ಎಲ್ಲರಿಗೂ ಇತ್ತು, ಹೊಸ ಊರಿನ ಅನ್ನ ತಿನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ಟೂರಿನ ಯಜಮಾನರು ಪುಟ್ಟರುದ್ರಯ್ಯನವರು, ರಿಟೈರಾದ ಹೆಡ್ ಕ್ಲರ್ಕು. ಯಾವುದೋ ಪುಸ್ತಕದಿಂದ ಪಟ್ಟಿ ಇಳಿಸಿಕೊಂಡು, ಒಂದೊಂದು ಸ್ಥಳಕ್ಕೆ ಇಪ್ಪತ್ತು ನಿಮಿಷ ಮಂಜೂರು ಮಾಡಿದ್ದರು. ಬಿ.ಎ. ಮುಗಿಸಿ ಜಗಲಿ ಕಾಯುತ್ತಿದ್ದ ನನ್ನನ್ನು ಕರೆದು, ಕೈಗೊಂದು ಶಿಳ್ಳೆ ಕೊಟ್ಟು ಟೈಮ್‌ಕೀಪರ್ ಮಾಡಿದರು. ಸಂಬಳವಿಲ್ಲದಿದ್ದರೇನು, ನನ್ನ ಜೀವನದ ಮೊದಲ ಹುದ್ದೆ ಅದು. ಕತ್ತಿಗೆ ಕಟ್ಟಿಕೊಂಡ ಶಿಳ್ಳೆಯನ್ನು ಸ್ನಾನ ಮಾಡುವಾಗಲೂ ತೆಗೆಯಲಿಲ್ಲ.

ಹೊರಡುವ ಹಿಂದಿನ ದಿನವೂ ಒಂದು ಸೀಟು ಖಾಲಿ ಉಳಿದಿತ್ತು. ಅದನ್ನು ತುಂಬಿಸುವ ಹೊಣೆ ನನ್ನ ತಲೆಗೆ ಬಿತ್ತು. ಗೌರತ್ತೆಯನ್ನು ಹಿಡಿದೆ. ಅಪ್ಪನ ಅಕ್ಕ. ಗಂಡ ಹೋದ ಮೇಲೆ ಮೈದುನರ ಜೊತೆ ಪಾಲಿನ ಬಾವಿಯಲ್ಲಿ ನೀರಿನ ಸರದಿ ಕಾದು, ಬೈಸಿಕೊಂಡು, ಬೈದು, ತನ್ನ ಪಾಲಿನ ತೆಂಗಿನ ಮರಗಳನ್ನು ಉಳಿಸಿಕೊಂಡಿದ್ದವಳು. ತಿಪಟೂರಿನಿಂದಾಚೆ ಹೋದವಳಲ್ಲ.

"ಅರಮನೆ, ಚರ್ಚು ಕಟ್ಕಂಡು ನಂಗೇನೋ ಆಗ್ಬೇಕು? ಸಮುದ್ರ ತೋರಿಸ್ತೀಯಾ? ಹಂಗಾದ್ರೆ ಬರ್ತೀನಿ" ಅಂದಳು.

"ಬಂದರು ಅಂದ್ಮೇಲೆ ಸಮುದ್ರ ಇರ್ದೇ ಇರ್ತದಾ ಅತ್ತೆ? ನಾನ್ ತೋರಿಸ್ತೀನಿ, ಬಾ" ಅಂದೆ. ಸೀಟು ತುಂಬಿತು.

ಕುಣಿಗಲ್ ಕೆರೆ ಪಕ್ಕ ಹೋಗುವಾಗ ಕಿಟಕಿಗೆ ಮುಖವಿಟ್ಟು, "ಇದ್ಕಿಂತ ದೊಡ್ದೇನೋ ಸಮುದ್ರ?" ಎಂದು ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ಜೋರಾಗಿ ನಕ್ಕೆ, ದಿನಾ ಸಮುದ್ರದಲ್ಲೇ ಮುಖ ತೊಳೆಯುವವನ ಹಾಗೆ. ಆ ಬಸ್ಸಿನಲ್ಲಿ ಸಮುದ್ರ ಕಂಡಿದ್ದವರು ಡ್ರೈವರ್ ಬಾಷಾ ಸಾಬರೊಬ್ಬರೇ. ನಗದಿದ್ದವರೂ ಅವರೊಬ್ಬರೇ.

ಕೊಚ್ಚಿಯಲ್ಲಿ ನನ್ನ ಶಿಳ್ಳೆಗೆ ಬಿಡುವಿರಲಿಲ್ಲ. ಅರಮನೆಯ ಗೋಡೆ ತುಂಬಾ ರಾಮಾಯಣ ಬರೆದಿದ್ದರು. ದಶರಥ ಪುತ್ರಕಾಮೇಷ್ಟಿ ಮುಗಿಸುವ ಮೊದಲೇ ಎಲ್ಲರನ್ನೂ ಆಚೆಗೆ ಹಾಕಿದೆ. ಯೆಹೂದಿಗಳ ಪ್ರಾರ್ಥನಾ ಮಂದಿರದ ನೆಲಕ್ಕೆ ನೀಲಿ ಚಿತ್ರದ ಬಿಲ್ಲೆಗಳು. ಒಂದರಂತೆ ಇನ್ನೊಂದಿಲ್ಲ ಅಂದರು. ಇರಬಹುದು, ಹೋಲಿಸಿ ನೋಡಲು ಟೈಮು ಮಂಜೂರಾಗಿರಲಿಲ್ಲ. ಆದರೆ ಊಟಕ್ಕೆ ಯಾವ ಗಡುವೂ ಇರಲಿಲ್ಲ. ಮರದ ಕೆಳಗೆ ಸ್ಟೌವು ಹಚ್ಚಿ, ಮುದ್ದೆ ಕಟ್ಟಿ, ಉಂಡು, ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎರಡೂವರೆ ಗಂಟೆ ಹೋಗಿತ್ತು.

ಪ್ರತಿ ಬಾಗಿಲಲ್ಲೂ ಅತ್ತೆಯದು ಒಂದೇ ಪ್ರಶ್ನೆ. "ಸಮುದ್ರ ಎಲ್ಲೋ?" "ಅದರ ಹಿಂದೆ ಅತ್ತೆ" ಎನ್ನುತ್ತಿದ್ದೆ. ಅರಮನೆಯ ಹಿಂದೆ, ಗೋಡೌನಿನ ಹಿಂದೆ, ಇನ್ನೊಂದು ಗೋಡೌನಿನ ಹಿಂದೆ. ಕೊನೆಗೆ ನನಗೇ ತಡೆಯಲಾರದೆ ಯಜಮಾನರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ಪಟ್ಟಿ ಬಿಡಿಸಿದರು.

"ಸಮುದ್ರ ಎಲ್ಲೈತೆ ಇದ್ರಲ್ಲಿ, ತೋರ್ಸಪ್ಪಾ? ಹನ್ನೆರಡನೇದು ದಡದಲ್ಲಿರೋ ಮೀನು ಬಲೆ ಅಂತ ಇತ್ತು. ನಾನೇ ಹೊಡೆದ್ ಹಾಕ್ದೆ. ಲಿಂಗ ಕಟ್ಕಂಡೋರು ಮೂಗಿಟ್ಕಂಡು ಹೋಗೋ ಜಾಗಾನಾ ಅದು?"

ಅತ್ತೆಗೆ ಮಾತು ಕೊಟ್ಟಿದ್ದೀನಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲಿ ಶಿಳ್ಳೆ ವಾಪಸ್ ಕೇಳಿಬಿಡುತ್ತಾರೋ ಎಂಬ ಭಯ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹನ್ನೊಂದನೆಯದು ಹಳೆಯ ಚರ್ಚು. ಅದನ್ನು ಮುಗಿಸಿ ಬಸ್ಸು ಹತ್ತಿ ತಲೆ ಎಣಿಸಿದರೆ ಒಂದು ಕಮ್ಮಿ. ಅತ್ತೆ ಇಲ್ಲ. ಹೆಂಗಸರು ಗಾಬರಿಯಾದರು. ಪುಟ್ಟರುದ್ರಯ್ಯನವರು ಹೀಗಾದರೆ ಮುಂದಿನ ವರ್ಷ ಒಂಟಿ ಹೆಂಗಸರಿಗೆ ಸೀಟಿಲ್ಲ ಎಂದು ಅಲ್ಲೇ ಕಾನೂನು ಮಾಡಿದರು. ಗಾಜು ಒರೆಸುತ್ತಿದ್ದ ಬಾಷಾ ಸಾಬರು ಬಟ್ಟೆ ಹಿಂಡುತ್ತಾ ಹೇಳಿದರು:

"ನಾನೇ ದಾರಿ ಹೇಳ್ದೆ ಸಾರ್, ಅಮ್ಮಾವ್ರಿಗೆ. ಇಲ್ಲೇ ಹಿಂದ್ಗಡೆ. ಗುಬ್ಬಿ ಬಿಟ್ಟಾಗಿಂದ ಒಂದೇ ಮಾತ್ ಕೇಳ್ತಾವ್ರೆ, ಹೇಳ್ದೆ ಹೆಂಗಿರ್ಲಿ?"

ಓಡಿದೆ. ಬಲೆ, ದೋಣಿ, ಬುಟ್ಟಿ ತುಂಬ ಮೀನು ದಾಟಿಕೊಂಡು ಹೋದರೆ, ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಸೆರಗು ಪೂರ್ತಿ ತೊಯ್ದಿತ್ತು. ನನ್ನ ಹೆಜ್ಜೆ ಸದ್ದು ಕೇಳಿಯೂ ತಿರುಗಲಿಲ್ಲ.

"ಇಲ್ಲಿ ಯಾರ್ದೂ ಸರದಿ ಇಲ್ವೇನೋ?" ಅಂದಳು. "ಇಷ್ಟೊಂದ್ ನೀರು. ಯಾರೂ ಯಾರನ್ನೂ ಕೇಳಂಗಿಲ್ವೇನೋ?"

ನಾನೇನು ಮಾಡಿದೆ ಗೊತ್ತೇ? ಗಡಿಯಾರ ನೋಡಿ ಶಿಳ್ಳೆ ಊದಿದೆ. ಅವಳ ಬೆನ್ನಿಗೆ, ಎರಡು ಸಲ.

"ಊದ್ಕೋ" ಅಂದಳು. ತನಗೆ ಸಾಕೆನಿಸುವವರೆಗೆ ನಿಂತಿದ್ದು, ತಾನಾಗಿ ಬಂದಳು. ಬಸ್ಸಿನಲ್ಲಿ ಅವಳನ್ನು ಹಿಂದಿನ ಸೀಟಿಗೆ ಕಳಿಸಿ, ಮೈಮೇಲೆ ವಿಭೂತಿ ನೀರು ಚಿಮುಕಿಸಿದರು. ಮೂಗು ಮುಚ್ಚಿಕೊಂಡವರ ನಡುವೆ ಅವಳು ಗುಬ್ಬಿಯವರೆಗೂ ಆರಾಮವಾಗಿ ನಿದ್ದೆ ಮಾಡಿದಳು.

ಆಮೇಲೆ ಕೊಚ್ಚಿ ಎಂದು ಯಾರು ಬಾಯಿಬಿಟ್ಟರೂ ನಾನು ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಮೊನ್ನೆ ಸೊಸೆ ಪಾತ್ರೆ ಕಟ್ಟುತ್ತಾ, "ಅಲ್ಲಿ ಸಮುದ್ರ ಹೆಂಗಿತ್ತು ಮಾವ?" ಎಂದು ಕೇಳಿದಳು. ಭಾಷಣಕ್ಕೆ ಬಾಯಿ ತೆರೆದೆ. ಅತ್ತೆಯ ಒದ್ದೆ ಸೆರಗು ನೆನಪಿಗೆ ಬಂತು. ಗಡಿಯಾರದಲ್ಲಿ ಐದೂ ಹತ್ತಾಗಿದ್ದದ್ದು ಬಂತು. ಸಮುದ್ರದ ನೀರು ಮಾತ್ರ ನೆನಪಿಗೆ ಬರಲಿಲ್ಲ. ದಡದಲ್ಲಿ ನಿಂತಿದ್ದೆ, ತಲೆ ಎತ್ತಿರಲಿಲ್ಲ.

"ನಾನ್ ನೋಡ್ಲಿಲ್ಲ ಕಣಮ್ಮ" ಅಂದೆ. "ನಮ್ಮತ್ತೆ ನೋಡಿದ್ಳು."