ಇಪ್ಪತ್ತೆರಡನೆಯ ಸಿಗರೇಟು

ಇಳಕಲ್ಲಿನ ನಮ್ಮ ಓಣಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರೊಬ್ಬರಿದ್ದರು. ಅವರ ಬೆರಳು ಸದಾ ಕೆಂಪು. ಸಿಗರೇಟನ್ನೂ ಹೆಸರಿನಿಂದಲ್ಲ, ಪಾಕೀಟಿನ ಬಣ್ಣದಿಂದಲೇ ಕರೆಯುತ್ತಿದ್ದರು. ಕೆಂಪು ಗಂಟಲಿಗೆ ತಾಗುತ್ತದೆ, ಬಿಳಿಯದು ಬರೀ ಗಾಳಿ, ನೀಲಿಯದರ ಕೊನೆಯ ದಮ್ಮು ಕಹಿ. “ನಾಲಿಗಿ ಸುಳ್ಳು ಹೇಳಂಗಿಲ್ಲ ತಮ್ಮಾ” ಎನ್ನುವುದು ಅವರ ಮಾತು.

ನಾನು ಪರೀಕ್ಷಿಸಲು ಹೊರಟೆ. ರವಿವಾರಕ್ಕೊಮ್ಮೆ ಅವರು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂಡುತ್ತಿದ್ದರು. ಮೂರರಲ್ಲೊಂದನ್ನು ಅವರ ಬೆರಳಿಗೆ ಸಿಗಿಸಿ ನಾನು ಕಡ್ಡಿ ಗೀರುತ್ತಿದ್ದೆ. ಎರಡೇ ದಮ್ಮಿಗೆ ಉತ್ತರ ಬರುತ್ತಿತ್ತು. ಅದನ್ನು ನಾನು ಬರೆದಿಡುತ್ತಿದ್ದ ವಹಿಯಲ್ಲಿ ಇಪ್ಪತ್ತೊಂದು ರವಿವಾರ, ಇಪ್ಪತ್ತೊಂದೂ ಸರಿ.

ಆಮೇಲೆ ಅವರು ಹದಿನೈದು ದಿನ ಜ್ವರದಲ್ಲಿ ಮಲಗಿದರು. ಎದ್ದ ಮೇಲೆ, ಸಾರಿಗೆ ಉಪ್ಪಿಲ್ಲವೆಂದು ಹೆಂಡತಿಯೊಡನೆ ದಿನವೂ ಜಗಳ.

“ಉಪ್ಪು ಬರೋಬರಿ ಐತಿ. ನಿಮ್ಮ ನಾಲಿಗೀನ ಸತ್ತೈತಿ” ಎಂದು ಆಕೆ ಅಂದ ದಿನ ನನ್ನನ್ನು ಕರೆದರು. “ವಹಿ ತಗೊಂಡ ಬಾ. ಯಾರದು ಖರೆ ನೋಡೂಣು.”

ಬಿಳಿಯದನ್ನು ಕೊಟ್ಟೆ. ಆರು ದಮ್ಮು ಎಳೆದರು.

“ಕೆಂಪು.”

“ಸರಿ ಐತ್ರಿ ಕಾಕಾ” ಎಂದು ಹಾಗೆಯೇ ಬರೆದುಕೊಂಡೆ.

ಅವರು ಕಣ್ಣು ತೆರೆದು ಸಿಗರೇಟಿನ ಮೇಲಿನ ಹೆಸರು ಓದಿದರು. ಸಿಟ್ಟಾಗಲಿಲ್ಲ. “ನನ್ನ ನಾಲಿಗಿ ಕೆಟ್ಟೈತಿ. ನಿನ್ನ ವಹಿ ಯಾಕ ಕೆಡಸ್ತಿ? ಇದೊಂದು ಸುಳ್ಳು ಬರದ್ರ ಹಿಂದಿನವನ್ನ ಯಾರು ನಂಬ್ತಾರ?”

ಬರೆದುದನ್ನು ಹೊಡೆದುಹಾಕಿ ‘ತಪ್ಪು’ ಎಂದು ಬರೆದೆ. ಅದನ್ನು ನೋಡಿಕೊಂಡು ಅವರು ಒಳಗೆ ಕೇಳುವಂತೆ ಕೂಗಿದರು: “ಏ, ಇನ್ನ ಮ್ಯಾಲ ಉಪ್ಪು ನಿನ್ನ ಅಳತಿಗೇ ಹಾಕ.”