ತಟ್ಟೆಯಲ್ಲಿನ ಬಿಳಿ ಹತ್ತಿ

ಮೊನ್ನೆ ಬ್ಯಾಡಗಿಯಲ್ಲಿ ಬಸ್ಸಿಳಿದೊಡನೆ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಎರಡು ಸಲ ಸೀನಿ ತಲೆ ಎತ್ತಿದರೆ ಎದುರಿನ ಫ್ಲೆಕ್ಸಿನಲ್ಲಿ ಅವರು ನಗುತ್ತಿದ್ದರು. ಕೊರಳಿಗೆ ಹಾರ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಹನಿ ರಕ್ತ ಸುರಿಸದ ಕೈ’. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡುತ್ತೇನೆ.

ಅವರು ರಾಣೆಬೆನ್ನೂರಿನಲ್ಲಿ ಮೂಗಿನ ಆಪರೇಶನ್ ಮಾಡುತ್ತಿದ್ದ ಡಾಕ್ಟರು. ನಾನು ಅರಿವಳಿಕೆ ಕೊಡುವವನು. ಹಾವೇರಿಯಿಂದ ಬೈಕಿನಲ್ಲಿ ಹೊರಟು, ಕರೆದ ಆಸ್ಪತ್ರೆಗೆಲ್ಲ ಹೋಗಿ ರೋಗಿಯನ್ನು ಮಲಗಿಸಿ ಎಬ್ಬಿಸುವುದು ನನ್ನ ಕಸುಬು. ಮೂಗಿನೊಳಗೆ ಒಂದಿಷ್ಟು ರಕ್ತ ಬಂದರೂ ಅಲ್ಲಿ ತೂರಿಸಿದ ದುರ್ಬೀನಿನಲ್ಲಿ ಏನೂ ಕಾಣುವುದಿಲ್ಲ, ಅದು ನಿಜ. ಅದಕ್ಕೇ ಔಷಧದ ಹತ್ತಿ ಇಟ್ಟು ಹತ್ತು ನಿಮಿಷ ಕಾಯಬೇಕು, ತಲೆಯ ಕಡೆ ಮಂಚ ಎತ್ತಬೇಕು, ಕೈ ಹಗುರಾಗಿರಬೇಕು. ಅವರಿಗೆ ಕಾಯುವ ವ್ಯವಧಾನವಿರಲಿಲ್ಲ, ಕೈಯಂತೂ ಗುದ್ದಲಿ. ರಕ್ತ ಬಂದಾಗಲೆಲ್ಲ ನನ್ನ ಕಡೆ ತಿರುಗುತ್ತಿದ್ದರು.

“ಏನ್ರಿ, ಕಾಲುವಿ ಬಿಟ್ಟಂಗ ಬಿಟ್ಟೀರಲ್ಲ. ಬಿಪಿ ಇಳಸ್ರಿ.”

ನಾನು ರಕ್ತದೊತ್ತಡ ಇಳಿಸುವ ಔಷಧದ ಹನಿ ಹೆಚ್ಚಿಸುತ್ತಿದ್ದೆ. ಒತ್ತಡ ಇಳಿದರೆ ರಕ್ತವೂ ಕಡಿಮೆಯಾಗುತ್ತಿತ್ತು. ಗಟ್ಟಿಮುಟ್ಟಾದ ಹರೆಯದವರು ಹೇಗೋ ತಡೆದುಕೊಳ್ಳುತ್ತಿದ್ದರು.

ಮುಗಿದ ಮೇಲೆ ಅವರದೊಂದು ಪದ್ಧತಿ. ರಕ್ತವಾದ ಹತ್ತಿಯನ್ನೆಲ್ಲ ಬಕೆಟ್ಟಿಗೆ ಹಾಕಿಸಿ, ಬೆಳ್ಳಗಿದ್ದ ನಾಲ್ಕನ್ನು ಮಾತ್ರ ಸ್ಟೀಲ್ ತಟ್ಟೆಯಲ್ಲಿಟ್ಟು, ತಾವೇ ಹೊರಗೆ ಹೋಗಿ ಮನೆಯವರ ಮುಂದೆ ಹಿಡಿಯುತ್ತಿದ್ದರು. “ನೋಡ್ರಿ, ಎಲ್ಲೈತಿ ರಕ್ತ?” ಅಂಗೈಯಲ್ಲಿ ಮೆಣಸಿನಕಾಯಿ ಹಿಡಿದು ಕೆಂಪಿಗೆ ಬೆಲೆ ಕಟ್ಟುವ ಬ್ಯಾಡಗಿಯ ಜಾಣರು ಈ ಬಿಳುಪಿಗೆ ಮರುಳಾಗಿ ಕೈ ಮುಗಿಯುತ್ತಿದ್ದರು...

ಒಂದು ದಿನ ಅಲ್ಲಿಂದಲೇ ಒಬ್ಬಾಕೆ ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಮೂಗಿನೊಳಗೆ ದುರ್ಮಾಂಸ ಬೆಳೆದು ಘಾಟೂ ತಿಳಿಯದಂತಾಗಿತ್ತು. ಅರಿವಳಿಕೆಗೆ ಮೊದಲು ಮೇಜಿನ ಮೇಲೆ ಮಲಗಿಸಿ ನೋಡಿದರೆ ಒತ್ತಡ ನೂರಾ ಎಪ್ಪತ್ತು.

“ಬಿಪಿ ಹಳೇದೈತ್ರಿ ಸಾಹೇಬ್ರ,” ಎಂದು ಪಿಸುಗುಟ್ಟಿದಳು. “ಗುಳಗಿ ಬಿಟ್ಟೇನಿ. ಹೇಳಿದ್ರ ತಾರೀಖು ಮುಂದ ಹಾಕ್ತೀರಿ, ಸುಗ್ಗಿ ತಪ್ಪತೈತಿ ಅಂತ ಯಾರಿಗೂ ಹೇಳಿಲ್ರಿ.”

ಅಂಥವರ ಮಿದುಳು ಹೆಚ್ಚಿನ ಒತ್ತಡಕ್ಕೇ ಒಗ್ಗಿರುತ್ತದೆ. ತೀರ ಇಳಿಸಿದರೆ ಅದಕ್ಕೆ ರಕ್ತ ಸಾಲುವುದಿಲ್ಲ. ಅವಳು ಹೇಳಿದ್ದನ್ನು ತಿಳಿಸಿ, ಇವತ್ತು ಬೇಡವೆಂದು ಡಾಕ್ಟರಿಗೆ ಹೇಳಿದೆ. ಅವರು ಮಾಸ್ಕ್ ಕಟ್ಟಿಕೊಳ್ಳುತ್ತ ನಕ್ಕರು.

“ಹೊರಗ ಮಂದಿ ಕುಂತೈತಿ. ನಿಮಗ ಅಂಜಿಕಿ ಆದ್ರ ಹೇಳ್ರಿ, ನಾಳಿಂದ ಬ್ಯಾರೇದವ್ರನ್ನ ಕರಸ್ತೇನಿ.”

ಅಂಜಿದೆ, ಅವಳಿಗಾಗಿ ಅಲ್ಲ, ನನ್ನ ಕೆಲಸಕ್ಕಾಗಿ. ಮೂರು ಸಲ ಇಳಿಸೆಂದರು, ಮೂರು ಸಲ ಇಳಿಸಿದೆ. ಮೇಲಿನ ಅಂಕಿ ಎಂಬತ್ತಕ್ಕೆ ಬಂದು ಬಹಳ ಹೊತ್ತು ಅಲ್ಲೇ ನಿಂತಿತು. ಅವರು ತಟ್ಟೆ ಹಿಡಿದು ಹೊರಗೆ ಹೋದಾಗ ನಾನಿನ್ನೂ ಅವಳ ಹೆಸರು ಹಿಡಿದು ಕೂಗುತ್ತಿದ್ದೆ. ಕೊನೆಗೆ ಕಣ್ಣು ಬಿಟ್ಟಳು. ಬಲಗೈ ಏಳಲಿಲ್ಲ.

ಹುಬ್ಬಳ್ಳಿಗೆ ಕಳಿಸಿದೆವು. ಆಕೆಯ ಮನೆಯವರಿಗೆ ಅವರು ಹೇಳಿದ್ದಿಷ್ಟು: “ಬಿಪಿ ಮುಚ್ಚಿಟ್ಟಿದ್ಲು. ನಮ್ಮ ಕೆಲಸ ಸ್ವಚ್ಛ ಆಗೇತಿ.” ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ. ಆಮೇಲೆ ಆ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟೆ. ಅದನ್ನೇ ದೊಡ್ಡ ತ್ಯಾಗವೆಂದುಕೊಂಡು ಇಷ್ಟು ವರ್ಷ ನಿಶ್ಚಿಂತೆಯಿಂದ ಉಂಡೆ. ಅವರ ಮೇಲಿನ ಅಸಹ್ಯದಲ್ಲಿ ನನ್ನ ಮೇಲಿನದೂ ಒಂದು ಪಾಲಿದೆ...

ಫ್ಲೆಕ್ಸ್ ದಾಟಿ ಮುಂದೆ ಹೋದರೆ ಗೋಡೌನಿನ ಬಾಗಿಲಲ್ಲಿ ಅವಳು ಕೂತಿದ್ದಳು. ಕಾಯನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು ಎಡಗೈಯಿಂದ ತೊಟ್ಟು ಬಿಡಿಸುತ್ತಿದ್ದಳು. ಉಳಿದವರು ರಾಶಿ ಮಾಡಿದ್ದರು, ಅವಳ ಮುಂದೆ ಒಂದು ಬೊಗಸೆ. ಮಾಸ್ಕಿಲ್ಲದ ನನ್ನ ಮುಖ ಅವಳಿಗೆ ಗುರುತು ಹತ್ತಲಿಲ್ಲ. ಫ್ಲೆಕ್ಸಿನ ಕಡೆ ಕೈ ಮಾಡಿ, ಆ ಡಾಕ್ಟರು ಹೋದರಂತೆ ಎಂದೆ.

“ಪುಣ್ಯಾತ್ಮರಿ. ಒಂದ ಹನಿ ರಕ್ತ ಕೆಡವಲಿಲ್ಲ. ಈಗ ಘಾಟು ತಿಳೀತೈತಿ. ಕೈ ಹೋಗಿದ್ದು ನನ್ನ ತಪ್ಪಿಗೇರಿ, ಬಿಪಿ ಮುಚ್ಚಿಟ್ಟೆ. ಮನ್ಯಾಗೂ ಇವತ್ತಿನ ತನಕ ಅದನ್ನ ಅಂತಾರ.”

“ಮುಚ್ಚಿಟ್ಟಿರಲಿಲ್ರಿ, ಅಕ್ಕಾರ,” ಎಂದೆ. “ಮೇಜಿನ ಮ್ಯಾಲೆ ಮಲಗಿದಾಗ ನೀವು ಹೇಳಿದ್ರಿ. ಅಮಲಿನ ಔಷಧಕ್ಕ ನಿಮಗ ನೆನಪು ಉಳಿದಿಲ್ಲ. ನನಗ ಹೇಳಿದ್ರಿ.”

ಅವಳು ತಲೆ ಎತ್ತಿದಳು. ಎಡಗೈಯೂ ನಿಂತಿತು.